ಚಿಕ್ಕಮ್ಮನ ಮಂಡಿಗೆ ಜೇನು ಕಡಿಸಿದ್ದು

ಮಳೆಗಾಲದ ಕಕ್ಕಡ ತಿಂಗಳ 18ನೇ ದಿನ ನಮ್ಮ ಕೊಡಗಿನಲ್ಲಿ ಮದ್ದುಸೊಪ್ಪಿನ ಪಾಯಸ ಮಾಡುತ್ತಾರೆ. ಆ ದಿನ ಆ ಸೊಪ್ಪಿನಲ್ಲಿ 18 ಬಗೆಯ ಮದ್ದು ಸೇರಿರುತ್ತದೆ ಎಂಬ ನಂಬಿಕೆ. ನಾನು ಅದನ್ನು ತಿಂದೇ ಬೆಳೆದವಳು. ಹಾಗಾಗಿ ಭಾಗಮಂಡಲದ ಹತ್ತಿರ ಇರುವ ಚಿಕ್ಕಪ್ಪ, ಚಿಕ್ಕಮ್ಮನ ಮಂಡಿನೋವಿಗೆ ಜೇನುಹುಳ ಕಡಿಸ್ತಾ ಇದ್ದೀನಿ ಎಂದು ಫೋನಿನಲ್ಲಿ ಹೇಳಿದಾಗ ನಾನು ಬೇಡ ಅನ್ನಲಿಲ್ಲ. ಅನ್ನಬೇಕಿತ್ತು.

ಚಿಕ್ಕಪ್ಪನ ತೋಟದಲ್ಲಿ ಹತ್ತಾರು ತುಡುವೆ ಜೇನಿನ ಪೆಟ್ಟಿಗೆಗಳಿವೆ. ಪೆಟ್ಟಿಗೆ ತೆರೆಯುವಾಗ ಕಡಿಸಿಕೊಳ್ಳುವುದು ಅವರಿಗೆ ದಿನದ ಮಾತು. ಮಳೆಗಾಲದಲ್ಲಿ ಚಿಕ್ಕಮ್ಮ ಮೆಟ್ಟಿಲು ಇಳಿಯಲು ಒದ್ದಾಡುವುದನ್ನು ನೋಡಲಾಗದೆ, ಒಂದೊಂದೇ ಹುಳ ಹಿಡಿದು ಅವರ ಮಂಡಿಯ ಮೇಲೆ ಇಟ್ಟಿದ್ದಾರೆ. ಮೊದಲೆರಡು ಸಲ ನೋವು ಕಮ್ಮಿಯಾಯಿತಂತೆ. ಮೂರನೇ ಸಲ, ಕಡಿಸಿ ಐದು ನಿಮಿಷವೂ ಆಗಿರಲಿಲ್ಲ, "ಅಂಗೈ ತುರಿಸ್ತಾ ಇದೆ ರೀ" ಅಂದರು. ಆಮೇಲೆ ಮೈಯೆಲ್ಲಾ ದದ್ದು, ತುಟಿ ಊದಿಕೊಂಡಿತು, ದನಿ ಕಟ್ಟಿತು, ಕುಳಿತಲ್ಲೇ ವಾಲಿದರು. ದಾರಿಗೆ ಮರ ಬಿದ್ದಿತ್ತು. ಅದನ್ನು ಕಡಿದು ಜೀಪು ದಾಟಿಸಿ ಆಸ್ಪತ್ರೆ ಮುಟ್ಟಿಸಿದರು. ತೊಡೆಗೆ ಅಡ್ರಿನಲಿನ್ ಚುಚ್ಚಿದ ಮೇಲೆ ಉಸಿರು ಹಿಡಿತಕ್ಕೆ ಬಂತು.

ಅವತ್ತಿನಿಂದ ಈ ವಿಷದ ಬಗ್ಗೆ ಸಿಕ್ಕಿದ್ದನ್ನೆಲ್ಲಾ ಓದುತ್ತಿದ್ದೇನೆ. ಚಿಕ್ಕಪ್ಪನ ನಂಬಿಕೆ ಬುಡವಿಲ್ಲದ್ದಲ್ಲ. 1888ರಲ್ಲೇ ಫಿಲಿಪ್ ಟೆರ್ಚ್ ಎಂಬ ಡಾಕ್ಟರು ಜೇನು ಕಡಿತಕ್ಕೂ ಕೀಲುವಾತಕ್ಕೂ ನಂಟಿದೆ ಎಂದು ಬರೆದಿದ್ದರು. ಒಣಗಿಸಿದ ವಿಷದಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಮೆಲಿಟಿನ್ ಎಂಬ ಅಂಶ ಇರುತ್ತದೆ. 26 ಅಮೈನೋ ಆಮ್ಲಗಳ ಸಣ್ಣ ಸರಪಳಿ ಅದು. ಜೀವಕೋಶದ ಪೊರೆಗೆ ತೂತು ಹಾಕುವುದು ಅದರ ಕೆಲಸ, ಕಡಿದಾಗ ಉರಿ ಬರುವುದೂ ಮುಖ್ಯವಾಗಿ ಅದರಿಂದಲೇ. ಆದರೆ ಇದೇ ಮೆಲಿಟಿನ್ ತೀರಾ ಕಡಿಮೆ ಪ್ರಮಾಣದಲ್ಲಿದ್ದಾಗ, ಉರಿಯೂತ ಶುರುಮಾಡುವ ಎನ್‌ಎಫ್-ಕಪ್ಪಾ-ಬಿ ಎಂಬ ಸಂಕೇತವನ್ನೇ ತಡೆಯುವುದು ಲ್ಯಾಬಿನ ಜೀವಕೋಶಗಳಲ್ಲಿ, ಇಲಿಗಳಲ್ಲಿ ಕಂಡಿದೆ. ಉರಿ ಹಚ್ಚುವುದೇ ಉರಿ ಆರಿಸುತ್ತದೆ! ಇದನ್ನು ಓದಿದಾಗ ನಿಜಕ್ಕೂ ರೋಮಾಂಚನವಾಯಿತು. ಇದರಿಂದ ಮುಂದೆ ಒಳ್ಳೆಯ ಔಷಧಿ ಬರಲಿ ಎಂಬ ಆಸೆ ನನಗಿದೆ.

ಆದರೆ ಲ್ಯಾಬಿನಲ್ಲಿ ಅದನ್ನು ಬೇರೆ ಮಾಡಿ, ಶುದ್ಧ ಮಾಡಿ, ತೂಗಿ ಕೊಡುತ್ತಾರೆ. ಚಿಕ್ಕಮ್ಮನ ಮಂಡಿಗೆ ಹೋದದ್ದು ಇಡೀ ವಿಷ. ಅದರಲ್ಲಿ ಫಾಸ್ಫೋಲಿಪೇಸ್ ಎ2 ಎಂಬ ಕಿಣ್ವ ಕೂಡ ಇದೆ, ಅಲರ್ಜಿ ಎಬ್ಬಿಸುವುದರಲ್ಲಿ ಮುಂದಿರುವುದು ಅದೇ. ಒಂದು ಹುಳ ಎಷ್ಟು ವಿಷ ಬಿಡುತ್ತದೆ ಎಂದು ಯಾರು ಅಳೆಯುತ್ತಾರೆ? ಮುಳ್ಳು ಚರ್ಮದಲ್ಲೇ ಉಳಿದರೆ ಅದಕ್ಕೆ ಅಂಟಿದ ವಿಷದ ಚೀಲ ಇನ್ನೂ ವಿಷ ತಳ್ಳುತ್ತಲೇ ಇರುತ್ತದೆ. ಅದಕ್ಕೇ ಹೇಗಾದರೂ ಸರಿ, ಬೇಗ ಕಿತ್ತು ಹಾಕಬೇಕು.

ಮನುಷ್ಯರ ಮೇಲಿನ ಫಲಿತಾಂಶ ಇನ್ನೂ ಗಟ್ಟಿಯಾಗಿಲ್ಲ. ನೆದರ್ಲೆಂಡ್ಸಿನಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಗಳ ಕಾಯಿಲೆ ಇದ್ದ 26 ಜನರಿಗೆ 24 ವಾರ ಜೇನು ಕಡಿಸಿ ನೋಡಿದರು. 2005ರಲ್ಲಿ ಬಂದ ವರದಿ ಪ್ರಕಾರ ಏನೂ ಪ್ರಯೋಜನ ಕಾಣಲಿಲ್ಲ. ಚಿಕ್ಕಮ್ಮನಿಗೆ ಮೊದಲೆರಡು ಸಲ ಹಾಯೆನಿಸಿದ್ದು ಸುಳ್ಳಲ್ಲ. ಆದರೆ ಮಂಡಿನೋವು ತಾನಾಗಿಯೇ ಏರುತ್ತದೆ, ಇಳಿಯುತ್ತದೆ, ಹೊಸ ಉರಿ ಹಳೆ ನೋವನ್ನು ಸ್ವಲ್ಪ ಹೊತ್ತು ಮರೆಸುತ್ತದೆ ಕೂಡ, ಅಲ್ವಾ?

ನನ್ನನ್ನು ಜಾಸ್ತಿ ಕಾಡಿದ್ದು ಬೇರೆ. ಮೊದಲು ಏನೂ ಆಗದಿದ್ದರೆ ಮುಂದೆಯೂ ಏನೂ ಆಗುವುದಿಲ್ಲ ಎಂದು ನಾವೆಲ್ಲಾ ಅಂದುಕೊಂಡಿದ್ದೆವು. ಆದರೆ ದೇಹ ಅಲರ್ಜಿ ಕಲಿಯುವುದೇ ಮೊದಲ ಕಡಿತಗಳಿಂದ. ಸ್ಪೇನಿನಲ್ಲಿ 55 ವರ್ಷದ ಮಹಿಳೆಯೊಬ್ಬರು ಎರಡು ವರ್ಷ ಹೀಗೆ ಕಡಿಸಿಕೊಂಡು ಚೆನ್ನಾಗಿಯೇ ಇದ್ದರು, ಆಮೇಲೆ ಒಂದು ಕಡಿತಕ್ಕೆ ಕುಸಿದು ಬಿದ್ದು ಕೊನೆಗೆ ತೀರಿಕೊಂಡರು. 2018ರಲ್ಲಿ ಅದು ಸುದ್ದಿಯಾಯಿತು. ವರ್ಷಕ್ಕೆ ನೂರಾರು ಸಲ ಕಡಿಸಿಕೊಳ್ಳುವ ಜೇನು ಸಾಕಣೆಗಾರರ ದೇಹ ವಿಷಕ್ಕೆ ಒಗ್ಗಿಕೊಳ್ಳುತ್ತದೆ. ಅಪರೂಪಕ್ಕೆ ಕಡಿಸಿಕೊಳ್ಳುವ ಮನೆಮಂದಿಗೆ ಅಪಾಯ ಜಾಸ್ತಿ. ಚಿಕ್ಕಪ್ಪ ತಮ್ಮ ಮೈಯನ್ನು ನೋಡಿ ಚಿಕ್ಕಮ್ಮನ ಮೈಯನ್ನು ಅಳೆದಿದ್ದರು. ಚಿಕ್ಕಮ್ಮ ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ಬೇರೆ ತೆಗೆದುಕೊಳ್ಳುತ್ತಿದ್ದರು, ಆ ಮಾತ್ರೆ ಇದ್ದರೆ ಅಡ್ರಿನಲಿನ್ ಸರಿಯಾಗಿ ಕೆಲಸ ಮಾಡದೆ ಹೋಗಬಹುದಂತೆ.

ಈ ವಿಷವನ್ನು ಡಾಕ್ಟರುಗಳು ಭರವಸೆಯಿಂದ ಬಳಸುವುದು ಅದರ ಅಲರ್ಜಿಗೇ. ಶುದ್ಧ ಮಾಡಿದ ವಿಷವನ್ನು ಅತಿ ಸಣ್ಣ ಪ್ರಮಾಣದಲ್ಲಿ ಚುಚ್ಚಿ, ನಿಧಾನವಾಗಿ ಏರಿಸುತ್ತಾ, ಮೂರರಿಂದ ಐದು ವರ್ಷ ಕೊಡುತ್ತಾರೆ. ಹೆಚ್ಚಿನವರಿಗೆ ಮುಂದಿನ ಕಡಿತದಿಂದ ರಕ್ಷಣೆ ಸಿಗುತ್ತದೆ. ಮಳೆ ಕಮ್ಮಿಯಾದ ಮೇಲೆ ಚಿಕ್ಕಮ್ಮನನ್ನು ಮೈಸೂರಿಗೆ ಕರೆದುಕೊಂಡು ಹೋಗಿ ಅಲರ್ಜಿ ಪರೀಕ್ಷೆ ಮಾಡಿಸಬೇಕು. ಚಿಕ್ಕಪ್ಪ ಈಗಾಗಲೇ ಪೆಟ್ಟಿಗೆಗಳನ್ನೆಲ್ಲಾ ಅಂಗಳದಿಂದ ಎತ್ತಿ ತೋಡಿನ ಆಚೆ ದಡಕ್ಕೆ ಸಾಗಿಸಿದ್ದಾರೆ.