ಎರಡು ವಿಧಾನ ಒಪ್ಪದಿದ್ದರೆ ಫ್ರಾಗ್ಮೆಂಟ್ ಬಿಸಾಡಬೇಕಾ?

ಕಾಫಿಯ ಕೆಫೀನ್ ಇದೆಯಲ್ಲ, ಅದರ ಅಣುತೂಕ 194. ಔಷಧ ಹುಡುಕುವವರ ಲೆಕ್ಕದಲ್ಲಿ ಅದು ಫ್ರಾಗ್ಮೆಂಟ್ ಅಳತೆಯ ಅಣು. ಸುಮಾರು 300ರೊಳಗಿನ ಇಂಥ ಪುಟ್ಟ ಅಣುಗಳನ್ನು ರೋಗಕ್ಕೆ ಸಂಬಂಧಪಟ್ಟ ಪ್ರೋಟೀನ್ ಜೊತೆ ಬೆರೆಸಿ, ಯಾವುದು ಹೋಗಿ ಕೂರುತ್ತದೆ ಅಂತ ನೋಡುವುದೇ ಫ್ರಾಗ್ಮೆಂಟ್ ಸ್ಕ್ರೀನಿಂಗ್. ಕೂತಿದ್ದಕ್ಕೆ ಆಮೇಲೆ ಬೇರೆ ಭಾಗ ಸೇರಿಸಿ, ಔಷಧವಾಗುವಂತೆ ಬೆಳೆಸುತ್ತಾರೆ. 2011ರಲ್ಲಿ ಒಪ್ಪಿಗೆ ಸಿಕ್ಕ, ಚರ್ಮದ ಕ್ಯಾನ್ಸರಿಗೆ ಕೊಡುವ ವೆಮುರಾಫೆನಿಬ್ ಹೀಗೆ ಬಂದ ಮೊದಲ ಔಷಧ.

ಮೂಡಿಗೆರೆಯಲ್ಲಿ ಅಕ್ಕನ ಮಗಳಿಗೆ ಇದನ್ನೆಲ್ಲ ಹೇಳುತ್ತಿದ್ದೆ. ಎಂಎಸ್ಸಿ ಪ್ರಾಜೆಕ್ಟ್ ಹುಡುಕುತ್ತಿದ್ದಾಳೆ. "ಕೂತಿದ್ದು ಗೊತ್ತಾಗೋದು ಹೇಗೆ ಮಾಮ? ಯಾವ ವಿಧಾನ ಬೆಸ್ಟು?" ಅಂದಳು.

ಅಗ್ಗದ್ದು ಥರ್ಮಲ್ ಶಿಫ್ಟ್. ಕೋವಿಡ್ ಟೆಸ್ಟಿಗೆ ಬಳಸಿದಂಥ ಆರ್‌ಟಿಪಿಸಿಆರ್ ಮೆಷಿನ್ ಸಾಕು. 96 ಗುಳಿಯ ಪ್ಲೇಟಿಗೆ ಪ್ರೋಟೀನ್, ಫ್ರಾಗ್ಮೆಂಟ್, ಸೈಪ್ರೋ ಆರೆಂಜ್ ಅನ್ನೋ ಬಣ್ಣ ಹಾಕಿ ನಿಧಾನಕ್ಕೆ ಬಿಸಿ ಮಾಡಬೇಕು. ಪ್ರೋಟೀನ್ ಬಿಚ್ಚಿಕೊಂಡಾಗ, ಒಳಗೆ ನೀರಿಗೆ ಹೆದರಿ ಕೂತಿದ್ದ ಭಾಗಕ್ಕೆ ಬಣ್ಣ ಅಂಟಿ ಹೊಳೆಯುತ್ತದೆ. ಫ್ರಾಗ್ಮೆಂಟ್ ಕೂತಿದ್ದರೆ ಬಿಚ್ಚಿಕೊಳ್ಳೋಕೆ ಸಾಮಾನ್ಯವಾಗಿ ಸ್ವಲ್ಪ ಜಾಸ್ತಿ ಬಿಸಿ ಬೇಕು. ಆದರೆ ಫ್ರಾಗ್ಮೆಂಟಿನ ಹಿಡಿತವೇ ಸಡಿಲ. ಅರ್ಧ ಡಿಗ್ರಿ ಏರಿದರೂ ಖುಷಿಪಡಬೇಕು. ಪಿಪೆಟ್ ಸ್ವಲ್ಪ ಆಚೀಚೆ ಆದರೂ ಆ ಅರ್ಧ ಡಿಗ್ರಿ ಬರುತ್ತದೆ, ಅದೇ ತಲೆನೋವು.

ಎಸ್‌ಪಿಆರ್‌ನಲ್ಲಿ ಚಿನ್ನ ಲೇಪಿಸಿದ ಚಿಪ್ ಮೇಲೆ ಪ್ರೋಟೀನ್ ಕೂರಿಸಿ, ಮೇಲೆ ಫ್ರಾಗ್ಮೆಂಟ್ ಹರಿಸುತ್ತಾರೆ. ಅದು ಕೂತರೆ ಚಿಪ್ಪಿನಿಂದ ಮರಳುವ ಬೆಳಕು ಸ್ವಲ್ಪ ಬದಲಾಗುತ್ತದೆ. ಪ್ರೋಟೀನ್ ಕಡಿಮೆ ಸಾಕು, ಹಿಡಿತ ಎಷ್ಟು ಅಂತ ಅಂಕಿಯೂ ಸಿಗುತ್ತದೆ. ಕಾಟ ಕೊಡುವುದು ಮಳೆಗಾಲದ ಇಂಬಳದ ಹಾಗೆ ಸಿಕ್ಕಿದ್ದಕ್ಕೆಲ್ಲ ಅಂಟುವ ಅಣುಗಳು. ಎನ್‌ಎಂಆರ್ ಹಳೇ ನಂಬಿಗಸ್ತ: ಜೋರು ಅಯಸ್ಕಾಂತದೊಳಗಿಟ್ಟು ಪರಮಾಣುಗಳ ಸಂಕೇತ ಓದುವ ವಿಧಾನ. ಫ್ರಾಗ್ಮೆಂಟ್ ದಾರಿಯನ್ನು ತೆರೆದಿದ್ದೇ 1996ರ ಅಬಾಟ್ ಕಂಪನಿಯ ಎನ್‌ಎಂಆರ್ ಕೆಲಸ. ಯಂತ್ರದ ಬೆಲೆ ಕೇಳಬಾರದು, ಅಷ್ಟೇ.

ಎಕ್ಸ್‌ರೇ ಕ್ರಿಸ್ಟಲೋಗ್ರಫಿಯಲ್ಲಿ ಮಾತ್ರ ಫ್ರಾಗ್ಮೆಂಟ್ ಎಲ್ಲಿ, ಹೇಗೆ ಕೂತಿದೆ ಅಂತ ಕಣ್ಣಾರೆ ಕಾಣುತ್ತದೆ. ಪ್ರೋಟೀನಿನ ಹರಳಿಗೆ ಎಕ್ಸ್‌ರೇ ಹಾಯಿಸಿ ನೋಡುವುದು ಅದು. ಒಳ್ಳೆ ಹರಳು ಬೆಳೆದರೆ ತಾನೇ!

ಸಾಮಾನ್ಯವಾಗಿ ಲ್ಯಾಬುಗಳಲ್ಲಿ ಒಂದು ನಿಯಮ ಪಾಲಿಸುತ್ತಾರೆ: ಎರಡು ವಿಧಾನ ಒಪ್ಪಿದ್ದನ್ನು ಮಾತ್ರ ಇಟ್ಟುಕೊಳ್ಳಿ. ನನಗೆ ಇದು ಅಷ್ಟು ಸರಿ ಕಾಣಲ್ಲ. ಜರ್ಮನಿಯ ಮಾರ್ಬರ್ಗ್‌ನ ತಂಡ 2016ರಲ್ಲಿ ಎಂಡೋಥಿಯಾಪೆಪ್ಸಿನ್ ಅನ್ನೋ ಪ್ರೋಟೀನ್ ತಗೊಂಡು, 361 ಫ್ರಾಗ್ಮೆಂಟುಗಳನ್ನು ಆರು ವಿಧಾನಗಳಲ್ಲೂ ಹರಳಿನಲ್ಲೂ ನೋಡಿತು. ಹರಳಿನಲ್ಲಿ 71 ಕಂಡವು. ಅವುಗಳಲ್ಲಿ ಬಹಳಷ್ಟನ್ನು ಬೇರೆ ಆರೂ ವಿಧಾನ ಬಿಟ್ಟೇಬಿಟ್ಟಿದ್ದವು. ಎರಡರ ಒಪ್ಪಿಗೆಗೆ ಕಾದಿದ್ದರೆ ಅವೆಲ್ಲ ಕಸದ ಬುಟ್ಟಿಗೆ ಹೋಗುತ್ತಿದ್ದವು ಅಲ್ವಾ? ಹಾಗಂತ ಹರಳೇ ಕೊನೆಯ ಮಾತಲ್ಲ. ಅಲ್ಲಿ ಫ್ರಾಗ್ಮೆಂಟನ್ನು ತುಂಬಾ ಗಟ್ಟಿ ದ್ರಾವಣದಲ್ಲಿ ನೆನೆಸುತ್ತಾರೆ, ಹಾಗಾಗಿ ತೀರಾ ಸಡಿಲವಾಗಿ ಕೂತಿದ್ದೂ ಕಾಣುತ್ತದೆ. ಹಿಡಿತ ಎಷ್ಟು ಅಂತ ಚಿತ್ರ ಹೇಳಲ್ಲ.

ಅವಳ ಕಾಲೇಜಿನಲ್ಲಿ ಇರುವುದು ಅಂಥ ಆರ್‌ಟಿಪಿಸಿಆರ್ ಮೆಷಿನ್ ಒಂದೇ. ಅದರಲ್ಲೇ ಶುರು ಮಾಡು ಅಂದೆ. ಪ್ರತಿಯೊಂದನ್ನೂ ಮೂರು ಗುಳಿಯಲ್ಲಿ ಹಾಕು. ಫ್ರಾಗ್ಮೆಂಟ್ ಕರಗಿಸುವ ದ್ರಾವಕ ಡಿಎಂಎಸ್ಒ ಎಲ್ಲ ಗುಳಿಯಲ್ಲೂ ಒಂದೇ ಪ್ರಮಾಣದಲ್ಲಿರಲಿ. ಬರೀ ಅಂಕಿ ನೋಡಬೇಡ, ಬಿಸಿ ಏರಿದ ಹಾಗೆ ಹೊಳಪು ಹೇಗೆ ಬದಲಾಗುತ್ತದೆ ಅನ್ನೋ ಕರ್ವ್ ನೋಡು. ಬಿಚ್ಚಿಕೊಳ್ಳುವ ಉಷ್ಣತೆಯನ್ನು ಕೆಳಗಿಳಿಸಿದ ಫ್ರಾಗ್ಮೆಂಟುಗಳನ್ನೂ ಬರೆದಿಡು, ಅವೂ ಕೂತಿರಬಹುದು.