ಪದರುಗಲ್ಲಿನ ಗೋಡೆಯ ಪೈಥಾನ್ ಮಾದರಿ: ಈವರೆಗೆ ಆಗಿರುವ ಕೆಲಸ

ಕಂಪ್ಯೂಟರಿನಲ್ಲಿ ಪೈಥಾನ್ ಭಾಷೆಯಲ್ಲಿ ಬರೆದ ಮಾದರಿಯಲ್ಲಿ ಕಲ್ಲಿನ ಬ್ಲಾಕ್‌ಗಳು ಈಗ ಸರಿಯಾಗಿ ಉರುಳುತ್ತಿವೆ. ಹೊಸದಾಗಿ ಓದುವವರಿಗೆ: ಗದಗದಿಂದ ಮುಂಡರಗಿ ಕಡೆ ಹೋಗುವಾಗ ಕೆಲಸ ನಿಂತುಹೋದ ಒಂದು ಹಳೇ ಕಲ್ಲಿನ ಖಣಿ ಇದೆ. ಅದರ ಗೋಡೆ ಎಷ್ಟು ಭದ್ರ ಅಂತ ಲೆಕ್ಕ ಹಾಕುವುದು ನನ್ನ ಬಿಡುವಿನ ಕೆಲಸ. ಗೋಡೆ ಸುಮಾರು 12 ಮೀಟರ್ ಎತ್ತರ, ಇಳಿಜಾರು 70 ಡಿಗ್ರಿ.

ನಮ್ಮ ಸೀಮೆಯ ಕಲ್ಲಿಗೆ ಒಂದು ಗುಣ ಇದೆ. ಧಾರವಾಡದ ಹೆಸರನ್ನೇ ಹೊತ್ತ ಈ ಹಳೇ ಶಿಲೆಗಳ ಪದರುಗಳು ಹೆಚ್ಚಾಗಿ ಉತ್ತರ ವಾಯವ್ಯದಿಂದ ದಕ್ಷಿಣ ಆಗ್ನೇಯಕ್ಕೆ ಹಾಯ್ದು, ಕಡಿದಾಗಿ ನಿಂತಿರುತ್ತವೆ. ಈ ಖಣಿಯಲ್ಲಿ ಅವು ಪೂರ್ವಕ್ಕೆ 75 ಡಿಗ್ರಿ ಇಳಿದಿವೆ. ಹಾಗಾಗಿ ಪಶ್ಚಿಮಕ್ಕೆ ಮುಖ ಮಾಡಿದ ಗೋಡೆಯಲ್ಲಿ ಪದರುಗಳ ಬುಡ ಗುಡ್ಡದೊಳಗೆ, ತಲೆ ಖಣಿಯ ಕಡೆಗೆ. ಎದುರಿನ ಗೋಡೆಯಲ್ಲಿ ಇದು ತಿರುವುಮುರುವು. ಅಲ್ಲಿ ಪದರು ಗೋಡೆಗಿಂತ ಕಡಿದಾಗಿದೆ, ಜಾರಿ ಹೊರಬರಲು ದಾರಿಯೇ ಇಲ್ಲ.

ಅಲ್ಲಿ ಕುರಿ ಮೇಯಿಸುವ ಅಜ್ಜ ಒಬ್ಬರು ಇದನ್ನೇ ತಮ್ಮ ಮಾತಿನಲ್ಲಿ ಹೇಳಿದರು: "ಜೋರ್ ಮಳಿ ಆದ ಮರುದಿನಾ ಕಲ್ಲ ಉದುರತಾವ ನೋಡ್ ತಮ್ಮಾ, ಈ ಗ್ವಾಡಿಗಷ್ಟ. ಆ ಕಡಿ ಗ್ವಾಡಿ ಗಟ್ಟಿ ಐತಿ." ಮಳೆ ಆದಮೇಲೆ ಪಶ್ಚಿಮಕ್ಕೆ ಮುಖ ಮಾಡಿದ ಗೋಡೆ ಮಾತ್ರ ಯಾಕೆ ಉದುರುತ್ತದೆ? ನನ್ನ ಮಾದರಿ ಉತ್ತರಿಸಬೇಕಾದ ಪ್ರಶ್ನೆ ಇದೇ.

ಮೊದಲು ಘರ್ಷಣೆ ಕೋನ, ಅಂದರೆ ಎಷ್ಟು ಓರೆ ಮಾಡಿದರೆ ಕಲ್ಲಿನ ಮೇಲೆ ಕಲ್ಲು ಜಾರುತ್ತದೆ ಅನ್ನುವ ಅಳತೆ. ಕಲ್ಲು ಕೊಯ್ಯುವವರ ಹತ್ತಿರ ಎರಡು ನುಣುಪು ಹಲ್ಲೆ ಕೊಯ್ಸಿ, ಒಂದರ ಮೇಲೊಂದು ಇಟ್ಟು ಹಲಗೆಯನ್ನು ಮೆಲ್ಲಗೆ ಎತ್ತಿದೆ. ಸುಮಾರು 28 ಡಿಗ್ರಿಗೆ ಮೇಲಿನದು ಜಾರಿತು. ಗೋಡೆಯ ಸೀಳು ಇಷ್ಟು ನುಣುಪಾಗಿಲ್ಲವಲ್ಲ. ಅದಕ್ಕೆ ಸೀಳಿನ ಒರಟುತನವನ್ನೂ ಲೆಕ್ಕಕ್ಕೆ ತರುವ ಬಾರ್ಟನ್ ಸೂತ್ರ ಬಳಸಿದೆ. ಬಡಗಿಗಳ ಕಂಟೂರ್ ಗೇಜನ್ನು ಸೀಳಿನ ಮೈಗೆ ಒತ್ತಿದರೆ ಅದರ ಕಡ್ಡಿಗಳು ಏರಿಳಿದು ಉಬ್ಬುತಗ್ಗಿನ ಗೆರೆ ಮೂಡುತ್ತದೆ. ಅದನ್ನು 0ಯಿಂದ 20ರವರೆಗಿನ ಒರಟುತನದ ಪಟ್ಟಿಗೆ ಹೋಲಿಸಬೇಕು. ನನಗೆ 4 ಅನ್ನಿಸಿತು. ಸೀಳಿನ ಮೈಯ ಬಲ 40 ಎಂಪಿಎ (ಮೆಗಾಪ್ಯಾಸ್ಕಲ್, ಒತ್ತಡದ ಅಳತೆ), ಅದರ ಮೇಲಿನ ಒತ್ತಡ 0.1 ಎಂಪಿಎ ಅಂತ ಹಿಡಿದರೆ ಒರಟುತನ ಸುಮಾರು 10 ಡಿಗ್ರಿ ಕೂಡಿಸುತ್ತದೆ. ಒಟ್ಟು 38. ಒತ್ತಡ ಹತ್ತು ಪಟ್ಟಾದರೆ ಕೂಡುವುದು 6 ಡಿಗ್ರಿ ಮಾತ್ರ. ನಮ್ಮದು ಗಿಡ್ಡ ಗೋಡೆ, ಹಾಗಾಗಿ ಒರಟುತನಕ್ಕೆ ಇಲ್ಲಿ ಬೆಲೆ ಜಾಸ್ತಿ.

ಪದರುಗಳು ಮುಂದಕ್ಕೆ ಬಾಗಬಹುದೇ ಅಂತ ನೋಡಲು ಗುಡ್‌ಮನ್ ಮತ್ತು ಬ್ರೇ ಎಂಬ ತಜ್ಞರು 1976ರಲ್ಲಿ ಕೊಟ್ಟ ಪರೀಕ್ಷೆ ಸುಲಭ. 90ರಲ್ಲಿ ಪದರಿನ 75 ಕಳೆದರೆ 15, ಅದಕ್ಕೆ 38 ಕೂಡಿಸಿದರೆ 53. ಇದು ಗೋಡೆಯ 70ಕ್ಕಿಂತ ಕಡಿಮೆ, ಅಂದರೆ ಪದರುಗಳು ಒಂದರ ಮೇಲೊಂದು ಸರಿದು ಮುಂದಕ್ಕೆ ಬಾಗಬಹುದು. ಬಾಗಬಹುದು ಅಷ್ಟೇ. ನಿಜಕ್ಕೂ ಬಾಗುತ್ತವೆಯೇ ಅನ್ನುವುದಕ್ಕೆ ಬ್ಲಾಕ್‌ಗಳ ಮಾದರಿ ಬೇಕು.

ಕೋಡ್ ಬರೆದದ್ದು ಪೀಟರ್ ಕಂಡಲ್ 1971ರಲ್ಲಿ ಮುಂದಿಟ್ಟ ಡಿಸ್ಟಿಂಕ್ಟ್ ಎಲಿಮೆಂಟ್ ವಿಧಾನದಲ್ಲಿ. ಪ್ರತಿ ಬ್ಲಾಕಿಗೂ ಬಲ ಲೆಕ್ಕ ಹಾಕಿ, ಚೂರೇ ಚೂರು ಸಮಯ (ಟೈಮ್ ಸ್ಟೆಪ್) ಮುಂದಕ್ಕೆ ಸರಿಸಿ, ಮತ್ತೆ ಬಲ ಲೆಕ್ಕ ಹಾಕುವುದು. ಗೋಡೆಗೆ ಕೈ ಹಾಕುವ ಮುಂಚೆ ಒಂದೇ ಬ್ಲಾಕನ್ನು 15 ಡಿಗ್ರಿ ಇಳಿಜಾರಿನಲ್ಲಿ ನಿಲ್ಲಿಸಿದೆ. ಅಗಲವನ್ನು ಎತ್ತರದಿಂದ ಭಾಗಿಸಿದಾಗ 0.268ಕ್ಕಿಂತ ಕಡಿಮೆ ಬಂದರೆ ಅದು ಉರುಳಬೇಕು. 1 ಮೀಟರ್ ಅಗಲದ ಬ್ಲಾಕ್ 3.7 ಮೀಟರ್ ಎತ್ತರಕ್ಕೆ ನಿಂತಿತು, 3.8ಕ್ಕೆ ಬಿತ್ತು. ತುಂಬಾ ಖುಷಿ ಆಯ್ತು.

ಈ ಲೆಕ್ಕದಲ್ಲೇ ದೊಡ್ಡ ವಿಷಯ ಅಡಗಿದೆ. ಖಣಿಯಲ್ಲಿ ಪದರುಗಳ ದಪ್ಪ ಹೆಚ್ಚುಕಡಿಮೆ 30 ಸೆಂಟಿಮೀಟರ್. ಅಷ್ಟು ತೆಳ್ಳಗಿನ ಕಂಬ ಒಂಟಿಯಾಗಿ ನಿಂತರೆ 1.1 ಮೀಟರ್ ದಾಟುತ್ತಲೇ ಉರುಳುತ್ತದೆ. ಆದರೆ ಪದರು ತೆಳ್ಳಗಾದಂತೆ ಬ್ಲಾಕ್ ಜಾಸ್ತಿ, ತೂಕ ಕಡಿಮೆ, ಟೈಮ್ ಸ್ಟೆಪ್ಪೂ ಚಿಕ್ಕದು, ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ. 1 ಮೀಟರ್ ಪದರು ಕೊಟ್ಟು ಬೇಗ ಮುಗಿಸುವ ಆಸೆ ಯಾರಿಗಾದರೂ ಬರುತ್ತದೆ. ಎರಡನ್ನೂ ಓಡಿಸಿ ಹೋಲಿಸಿದೆ. ಘರ್ಷಣೆಯನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಗೋಡೆ ಯಾವಾಗ ಬೀಳುತ್ತದೆ ಅಂತ ನೋಡುವ ವಿಧಾನದಲ್ಲಿ, ದಪ್ಪ ಪದರಿನ ಗೋಡೆಗೆ ಸೇಫ್ಟಿ ಫ್ಯಾಕ್ಟರ್ (1ಕ್ಕೆ ಇಳಿದರೆ ಗೋಡೆ ಬೀಳುತ್ತದೆ) ಸುಮಾರು 1.6 ಬಂತು. 30 ಸೆಂಟಿಮೀಟರಿಗೆ 1.3. ಕಲ್ಲು ಅದೇ, ಕೋನ ಅದೇ! ಪೈಥಾನ್ ಕೋಡನ್ನು ಜೋರಾಗಿ ಓಡಿಸುವ ನಂಬಾ (Numba) ಎಂಬ ಸಾಫ್ಟ್‌ವೇರ್ ಹಾಕಿದ ಮೇಲೆ ವೇಗ ಸಾಕಷ್ಟು ಸುಧಾರಿಸಿದೆ. ಇನ್ನು ಮುಂದೆ ಟೇಪಿನಲ್ಲಿ ಅಳೆದ ದಪ್ಪವೇ ಮಾದರಿಗೆ ಹೋಗುತ್ತದೆ, ಎಷ್ಟು ಹೊತ್ತು ಹಿಡಿದರೂ ಸರಿ.

1.3 ಒಣಗಿದ ಗೋಡೆಯ ಲೆಕ್ಕ. ಅಜ್ಜ ಹೇಳಿದ್ದು ಮಳೆಯ ಮರುದಿನದ ಮಾತು. ಗೋಡೆಯ ತಲೆಯ ಹಿಂದೆ ಕೈ ತೂರುವಷ್ಟು ಅಗಲದ ಬಿರುಕು ಇದೆ, ಒಳಗೆ ಮಣ್ಣು, ಹುಲ್ಲಿನ ಬೇರು. ಅದರಲ್ಲಿ 3 ಮೀಟರ್ ನೀರು ನಿಂತರೆ ಪ್ರತಿ ಮೀಟರ್ ಉದ್ದಕ್ಕೆ 44 ಕಿಲೋನ್ಯೂಟನ್ ತಳ್ಳುತ್ತದೆ. 6 ಮೀಟರ್ ನಿಂತರೆ 177, ಅಂದರೆ ನಾಲ್ಕು ಪಟ್ಟು. 3 ಮೀಟರ್ ನೀರು ಕೊಟ್ಟಾಗಲೇ ಫ್ಯಾಕ್ಟರ್ 1.1ರ ಆಸುಪಾಸಿಗೆ ಇಳಿಯಿತು, ಮೇಲಿನ ಕಂಬಗಳು ಮೊದಲು ಬಾಗಿದವು. ಎದುರಿನ ಗೋಡೆಗೆ ಅದೇ ನೀರು ಕೊಟ್ಟೆ, ಅದು ಕದಲಲಿಲ್ಲ.

ಬಿರುಕಿನ ಎರಡೂ ಬದಿಗೆ ಮೊಳೆ ಕೂರಿಸಿದ್ದೇನೆ. ಹಿಂಗಾರಿ ಮಳೆಗೆ ಮೊದಲು ಮತ್ತು ಆಮೇಲೆ ಅಂತರವನ್ನು ಕ್ಯಾಲಿಪರ್‌ನಲ್ಲಿ ಅಳೆದು, ಮಾದರಿಯ ಚಲನೆಯ ಜೊತೆ ಇಟ್ಟು ನೋಡಬೇಕು. ಪದರುಗಳಿಗೆ ಅಡ್ಡ ಬಂದಿರುವ ಸೀಳುಗಳನ್ನು ಸದ್ಯಕ್ಕೆ ಸಮ ಅಂತರದಲ್ಲಿ ಹಾಕಿದ್ದೇನೆ. ಅವನ್ನೂ ಗೋಡೆಯ ಫೋಟೋ ನೋಡಿ ಒಂದೊಂದಾಗಿ ಗುರುತಿಸುವ ಕೆಲಸ ಈಗ ನಡೆದಿದೆ.