ಟ್ಯಾಕ್ಸಿಗೆ ಗತಿ ಇರಲಿಲ್ಲವಾ ಅಂತ ಕೇಳುವವರಿಗೆ

ಇತ್ತು. ಟ್ಯಾಕ್ಸಿಗೂ ದುಡ್ಡಿತ್ತು, ಮೆಟ್ರೋಗೂ ಇತ್ತು. ಆದರೂ ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್‌ನಲ್ಲಿ ಇದ್ದಷ್ಟು ದಿನ ಬಾಡಿಗೆ ಸೈಕಲ್ ತುಳಿದೆ. ಬೇಕಂತಲೇ ತುಳಿದೆ. "ಯೂರೋಪಿಗೆ ಹೋಗಿ ಸೈಕಲ್ಲಾ?" ಅಂತ ಕೇಳುವವರಿಗೆಲ್ಲ ಇನ್ನು ಮುಂದೆ ಇದನ್ನೇ ಓದಲು ಕೊಡುತ್ತೇನೆ. ಬಾಯಿ ನೋಯಿಸಿಕೊಳ್ಳುವುದಿಲ್ಲ.

ಕೇಳುವ ರೀತಿಗೇ ನನಗೆ ಸಿಟ್ಟು ಬರುವುದು. ಒಂದು ನಾಮಕರಣದ ಊಟದ ಪಂಕ್ತಿಯಲ್ಲಿ ನಮ್ಮ ದೊಡ್ಡಪ್ಪ, ಎದುರು ಸಾಲಿನವರಿಗೂ ಕೇಳಿಸುವ ಹಾಗೆ, "ಅಲ್ಲ ಕಣೇ, ಅಷ್ಟು ದುಡ್ಡು ಸುರಿದು ವಿಮಾನದಲ್ಲಿ ಹೋಗಿ ಸೈಕಲ್ ತುಳಿದ್ಯಂತೆ? ಟ್ಯಾಕ್ಸಿಗೆ ಗತಿ ಇರ್ಲಿಲ್ವಾ?" ಅಂದರು. ಸಾರು ಬಡಿಸುತ್ತಿದ್ದ ಹುಡುಗನೂ ನಿಂತು ನನ್ನ ಮುಖ ನೋಡಿದ. "ಅಲ್ಲಿ ಎಲ್ಲರೂ ತುಳೀತಾರೆ ದೊಡ್ಡಪ್ಪ" ಅಂದೆ. "ಪಾಪ" ಅಂದರು!

ಯಾರು ಪಾಪ? ಡೆನ್ಮಾರ್ಕಿನ ಈಗಿನ ರಾಜ ಫ್ರೆಡರಿಕ್, ಯುವರಾಜರಾಗಿದ್ದಾಗ, ಮುಂದೆ ದೊಡ್ಡ ಪೆಟ್ಟಿಗೆ ಇರುವ ಸೈಕಲ್‌ನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಊರೊಳಗೆ ಓಡಾಡುತ್ತಿದ್ದರು. ಅವರಿಗೂ ಕಾರಿಗೆ ಗತಿ ಇರಲಿಲ್ಲ ಅಂತ ಇಟ್ಟುಕೊಳ್ಳೋಣ. ಇದೇ ದೊಡ್ಡಪ್ಪ ಕಾಲೇಜಿನ ದಿನಗಳಲ್ಲಿ ಲೈಟಿಲ್ಲದ ಸೈಕಲ್‌ನಲ್ಲಿ ಡಬಲ್ಸ್ ಹೋಗಿ ಪೊಲೀಸರ ಕೈಗೆ ಸಿಕ್ಕ ಕಥೆಯನ್ನು ಇವತ್ತಿಗೂ ಹೆಮ್ಮೆಯಿಂದ ಹೇಳುತ್ತಾರೆ. ಮನೆಗೆ ಸ್ಕೂಟರ್ ಬಂದದ್ದೇ ತಡ, ಸೈಕಲ್ ಗತಿಗೆಟ್ಟವರ ಗಾಡಿ ಆಗಿಬಿಟ್ಟಿತು.

ಇನ್ನು ಕೆಲವರು "ಅವರದ್ದು ಬಿಡಿ, ಮೊದಲಿಂದಲೂ ಹಾಗೇ" ಅನ್ನುತ್ತಾರೆ. ಹಾಗೇನೂ ಇಲ್ಲ. 1960ರ ದಶಕದಲ್ಲಿ ಅಲ್ಲೂ ಕಾರುಗಳೇ ತುಂಬಿ ಸೈಕಲ್ ಮೂಲೆ ಸೇರಿತ್ತು. 1973ರಲ್ಲಿ ತೈಲ ಬಿಕ್ಕಟ್ಟು ಬಂದಾಗ ಭಾನುವಾರ ಕಾರು ತೆಗೆಯುವುದನ್ನೇ ಸರ್ಕಾರ ನಿಲ್ಲಿಸಿತು. ಮುಂದಿನ ವರ್ಷಗಳಲ್ಲಿ ಜನ ಗುಂಪುಗುಂಪಾಗಿ ಸೈಕಲ್ ಹತ್ತಿ ನಮಗೂ ದಾರಿ ಕೊಡಿ ಅಂತ ಬೀದಿಗಿಳಿದರು. ಹಾಗೆ ಗಲಾಟೆ ಮಾಡಿ ಪಡೆದ ದಾರಿಗಳು ಅವು.

ಇಷ್ಟು ಜನ ಇಷ್ಟು ಪ್ರಶ್ನೆ ಕೇಳುತ್ತೀರಲ್ಲ, "ಅಲ್ಲಿ ಎಡಕ್ಕೆ ಹೇಗೆ ತಿರುಗ್ತಾರೆ?" ಅಂತ ಒಬ್ಬರಾದರೂ ಕೇಳಬಾರದಾ? ಅದಕ್ಕಾದರೆ ಎಷ್ಟು ಹೊತ್ತು ಬೇಕಾದರೂ ಕೂತು ಉತ್ತರ ಹೇಳುತ್ತೇನೆ.

ಅಲ್ಲಿ ಗಾಡಿಗಳು ರಸ್ತೆಯ ಬಲಕ್ಕೆ ಹೋಗುತ್ತವೆ. ಹಾಗಾಗಿ ಅವರು ಎಡಕ್ಕೆ ತಿರುಗುವುದೂ ನಾವು ಬಲಕ್ಕೆ ತಿರುಗುವುದೂ ಒಂದೇ. ನಮ್ಮಲ್ಲಾದರೆ ಕೈ ಚಾಚಿ, ದೇವರನ್ನು ನೆನೆದು, ಬಸ್ಸು ಲಾರಿಗಳ ನಡುವೆ ರಸ್ತೆ ಮಧ್ಯಕ್ಕೆ ಬರಬೇಕು. ಅಲ್ಲಿ ಸೈಕಲ್‌ನವರು ಮಧ್ಯಕ್ಕೆ ಬರುವ ಹಾಗೇ ಇಲ್ಲ. ಬಲ ಅಂಚು ಹಿಡಿದು ಸೀದಾ ಸರ್ಕಲ್ ದಾಟಬೇಕು. ಆಚೆ ಮೂಲೆಯಲ್ಲಿ ನಿಂತು ಹ್ಯಾಂಡಲ್ ಎಡಕ್ಕೆ ತಿರುಗಿಸಿಕೊಳ್ಳಬೇಕು. ಆ ರಸ್ತೆಗೆ ಹಸಿರು ಬಿದ್ದ ಮೇಲೆ ಮತ್ತೆ ಸೀದಾ ಹೋದರಾಯಿತು. ಕಾರುಗಳ ನಡುವೆ ನುಗ್ಗುವ ಪ್ರಸಂಗವೇ ಬರುವುದಿಲ್ಲ. ಸ್ಕೂಲಿಗೆ ಹೋಗುವ ಮಕ್ಕಳೂ ಆರಾಮಾಗಿ ತಿರುಗುತ್ತಾರೆ. ನಿಲ್ಲುವ ಮುಂಚೆ ಮಾತ್ರ ಕೈ ಮೇಲೆತ್ತಿ ತೋರಿಸಬೇಕು. ಇಲ್ಲದಿದ್ದರೆ ಹಿಂದಿನವರು ಗುದ್ದುತ್ತಾರೆ, ಇಲ್ಲವೇ ಬೈಯುತ್ತಾರೆ. ಬೈಗುಳ ಡ್ಯಾನಿಶ್‌ನಲ್ಲಿ ಇರುತ್ತೆ, ಅಷ್ಟಾಗಿ ನಾಟಲ್ಲ.

ಬಾಡಿಗೆ ಸೈಕಲ್ ಬಗ್ಗೆ ಒಂದು ಮಾತು. ಎಷ್ಟೋ ಸೈಕಲ್‌ಗಳಲ್ಲಿ ಪೆಡಲ್ ಹಿಂದಕ್ಕೆ ತುಳಿದರೆ ಬ್ರೇಕ್ ಬೀಳುತ್ತದೆ. ನಮಗೋ ಸುಮ್ನೆ ಪೆಡಲ್ ಹಿಂದಕ್ಕೆ ತಿರುಗಿಸುವ ಚಟ. ಮೊದಲು ಖಾಲಿ ಬೀದಿಯಲ್ಲಿ ಕಾಲಿಗೆ ರೂಢಿ ಮಾಡಿಸಿ. ಕೆಲವು ಬಸ್ ಸ್ಟಾಪ್‌ಗಳಲ್ಲಿ ಜನ ಸೀದಾ ಸೈಕಲ್ ದಾರಿಗೇ ಇಳಿಯುತ್ತಾರೆ, ಅಲ್ಲಿ ನೀವೇ ನಿಲ್ಲಬೇಕು. ಬೆಳಗ್ಗೆ ಎಂಟರ ಹೊತ್ತಿಗೆ ಡ್ರೋನಿಂಗ್ ಲೂಯಿಸಸ್ ಸೇತುವೆ ಕಡೆ ತಲೆ ಹಾಕಬೇಡಿ. ಆಫೀಸಿಗೆ ಹೊರಟವರ ಮಧ್ಯೆ ಫೋಟೋ ಹೊಡೆಯಲು ನಿಂತ ಪ್ರವಾಸಿಯನ್ನು ಆ ಊರು ಕ್ಷಮಿಸುವುದಿಲ್ಲ. ಆ ಸೇತುವೆಗೆ ಬಂದು ಸೇರುವ ನೋರೆಬ್ರೋಗೇಡ್ ರಸ್ತೆಯಲ್ಲಿ ಬೆಳಗ್ಗೆ ಊರೊಳಗೆ ಬರುವವರು ಗಂಟೆಗೆ 20 ಕಿಲೋಮೀಟರ್ ವೇಗ ಹಿಡಿದರೆ ಸಾಲಾಗಿ ಹಸಿರು ಸಿಗ್ನಲ್ ಸಿಗುತ್ತದೆ. ಸೈಕಲ್ ವೇಗಕ್ಕೆ ಲೆಕ್ಕ ಹಾಕಿ ಇಟ್ಟಿದ್ದಾರೆ. ಕಾರಿನವರು ಬೇಕಾದರೆ ಹೊಂದಿಕೊಳ್ಳಲಿ.

ನೋಡಲು ಹೋದವರಿಗೆ ಬಂದರಿನ ಸುತ್ತ 13 ಕಿಲೋಮೀಟರ್ ಸುತ್ತುದಾರಿ ಇದೆ. ಹಳೇ ಬಂದರು ಬೀದಿ ನ್ಯೂಹೌನ್‌ನಿಂದ ನೀರಿನಾಚೆಯ ಕ್ರಿಶ್ಚಿಯನ್ಸ್‌ಹೌನ್ ಬಡಾವಣೆ ಕಡೆಗೆ 2016ರಲ್ಲಿ ತೆರೆದ ಸೇತುವೆ ನಡೆಯುವವರಿಗೆ ಮತ್ತು ಸೈಕಲ್‌ಗೆ ಮಾತ್ರ. ದಕ್ಷಿಣಕ್ಕೆ ಹೋದರೆ ಸೈಕಲ್‌ಸ್ಲಾಂಗೆನ್, ನೀರಿನ ಮೇಲೆ ಬಳುಕಿಕೊಂಡು ಹೋಗುವ ಕಿತ್ತಳೆ ಬಣ್ಣದ ಮೇಲ್ದಾರಿ. 2014ರಲ್ಲಿ ಸೈಕಲ್‌ಗಂತಲೇ ಕಟ್ಟಿದ್ದು. ಟ್ಯಾಕ್ಸಿಗೆ ಎಷ್ಟು ಕೊಟ್ಟರೂ ಅಲ್ಲಿಗೆ ಕರೆದುಕೊಂಡು ಹೋಗುವುದಿಲ್ಲ, ಹೋಗುವ ಹಾಗೂ ಇಲ್ಲ.

ಮಳೆ ಬಂದರೆ? ಎಸ್-ಟೋಗ್ ಅನ್ನುವ ಲೋಕಲ್ ರೈಲಿನಲ್ಲಿ 2010ರಿಂದ ಸೈಕಲ್‌ಗೆ ಟಿಕೆಟ್ ಇಲ್ಲ, ಏರಿಸಿಕೊಂಡು ಹೋಗಿ. ಆ ಊರಿನ ಹೆಸರಾಂತ ಮತ್ಸ್ಯಕನ್ಯೆ ಪ್ರತಿಮೆ ನೋಡಿದ್ಯಾ ಅಂತ ದಯವಿಟ್ಟು ಕೇಳಬೇಡಿ. ನೋಡಿದೆ. ಚಿಕ್ಕದು.